ಮೂಲೆಯವರ ನಲ್ಲಿ

ನಲ್ಲಿ ಮೇಸ್ತ್ರಿ ಜೈಲಿಗೆ ಹೋದಾಗ ಅವನಿಗೆ ನಲವತ್ತೊಂದು ವರ್ಷ. ಅದಕ್ಕೆ ಮುಂಚೆ ಅವನು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ್ದು ಒಂದೇ ಒಂದು ಸಲ, ಅದೂ ಅಲ್ಲಿನ ಸಿಂಕು ಕಟ್ಟಿಕೊಂಡಿದೆ ಎಂದು ಕರೆಸಿದ್ದಕ್ಕೆ. ಇಪ್ಪತ್ತು ವರ್ಷ ಕೊಳಾಯಿ ಕೆಲಸ ಮಾಡಿದವನು. ಗೋಡೆಗೆ ಕಿವಿಯಿಟ್ಟು ಒಳಗೆ ಎಲ್ಲಿ ಸೋರುತ್ತಿದೆ ಅಂತ ಹೇಳುತ್ತಿದ್ದ. ಬಡಾವಣೆಯಲ್ಲಿ ಯಾರ ಮನೆಯ ಟ್ಯಾಂಕಿನ ತೂಬು ಯಾವ ಸೈಜಿನದು ಅನ್ನುವುದು ಅವನಿಗೆ ಬಾಯಿಪಾಠ. ಹೆಂಡತಿಯ ಹುಟ್ಟಿದ ತಾರೀಕು ಮಾತ್ರ ಪ್ರತಿವರ್ಷ ಮರೆಯುತ್ತಿದ್ದ.

ಅವನು ಮಾಡಿದ ತಪ್ಪೂ ಕೆಲಸದಲ್ಲೇ ಆದದ್ದು. ಒಂದು ಬಾಡಿಗೆ ಮನೆಯ ಬಚ್ಚಲಿಗೆ ಗ್ಯಾಸ್ ಗೀಸರ್ ಕೂರಿಸಿದ. ಹೊಗೆ ಹೊರಗೆ ಹೋಗಲಿಕ್ಕೆ ಗೋಡೆ ಕೊರೆದು ಕೊಳವೆ ಹಾಕಬೇಕಿತ್ತು. ಮನೆ ಮಾಲೀಕ, "ಈಗಷ್ಟೇ ಟೈಲ್ಸ್ ಹಾಕ್ಸಿದೀನಿ ಮೇಸ್ತ್ರಿ, ಕೊರೀಬೇಡಿ. ಆಮೇಲೆ ನೋಡೋಣ" ಅಂದ. ಹಾಗೆ ಬಿಡಬಾರದು ಅಂತ ಮೇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಇನ್ನೆರಡು ಮನೆಗಳ ಕೆಲಸ ಕಾಯುತ್ತಿತ್ತು. "ಆಯ್ತು, ಮರೀಬೇಡಿ ಮತ್ತೆ" ಅಂತ ಹೇಳಿ ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡು ಬಂದುಬಿಟ್ಟ. ಹದಿನಾರನೇ ದಿನ ಆ ಮನೆಯ ಬಾಡಿಗೆದಾರಳು, ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಣ್ಣುಮಗಳು, ಡ್ಯೂಟಿ ಮುಗಿಸಿ ಬಂದು ಸ್ನಾನಕ್ಕೆ ಹೋದವಳು ಬಾಗಿಲು ತೆಗೆಯಲಿಲ್ಲ.

ನ್ಯಾಯಾಲಯದಲ್ಲಿ ಮಾಲೀಕನ ಪರ ವಕೀಲರು ಏನೇನೋ ಹೇಳಿದರು. ಮೇಸ್ತ್ರಿಯ ಸರದಿ ಬಂದಾಗ ಅವನು, "ನನಗೆ ಗೊತ್ತಿತ್ತು ಸ್ವಾಮಿ. ಗೊತ್ತಿದ್ದೂ ಬಿಟ್ಟೆ" ಅಂದುಬಿಟ್ಟ. ಅವನ ವಕೀಲ ಹಣೆ ಚಚ್ಚಿಕೊಂಡ. ಮೂರು ವರ್ಷ ಶಿಕ್ಷೆಯಾಯಿತು.

ತೀರ್ಪಿನ ದಿನ ಬೆಳಿಗ್ಗೆ ಹೊರಡುವ ಮೊದಲೇ ಮನೆಯಲ್ಲಿ ಎರಡು ಥರದ ಬುದ್ಧಿಮಾತು ಸಿಕ್ಕಿತ್ತು. ಬಾಮೈದ ಪಕ್ಕಕ್ಕೆ ಕರೆದು, "ಭಾವ, ಒಳಗೆ ಗ್ಯಾಂಗುಗಳಿರ್ತವೆ. ಯಾರಾದ್ರೂ ದೊಡ್ಡವರ ನೆರಳಿಗೆ ಸೇರ್ಕೊಂಬಿಡಿ. ಒಂಟಿಯಾಗಿದ್ರೆ ಹುರಿದು ಮುಕ್ಕಿಬಿಡ್ತಾರೆ" ಅಂದ. ಹೆಂಡತಿ ಅಂಗಿಯ ಗುಂಡಿ ಹಾಕುತ್ತಾ, "ಯಾರ ಹತ್ರಾನೂ ಏನೂ ಇಸ್ಕೋಬೇಡಿ. ಅವರೆಲ್ಲ ರಾಕ್ಷಸರು. ನಿಮ್ಮ ಪಾಡಿಗೆ ನೀವಿರಿ" ಅಂದಳು. ಮೇಸ್ತ್ರಿ ಇಬ್ಬರಿಗೂ ಹೂಂ ಅಂದ.

ಒಳಗೆ ಹೋದ ಮೊದಲ ದಿನವೇ ಹೆಂಡತಿಯ ಮಾತು ಮುರಿಯಿತು. ಬ್ಯಾರಕ್ಕೆಂದರೆ ಒಂದು ಉದ್ದನೆಯ ಹಜಾರ, ನಲವತ್ತು ಜನಕ್ಕೆ ಕಟ್ಟಿದ್ದು, ಇದ್ದದ್ದು ತೊಂಬತ್ತು ಜನ. ಇವನು ಚಾಪೆ ಹಿಡಿದುಕೊಂಡು ಬಾಗಿಲಲ್ಲಿ ನಿಂತ. ಕಾಲಿಡಲು ಜಾಗವಿಲ್ಲ. ಯಾರೂ ತಲೆಯೆತ್ತಿ ನೋಡಲಿಲ್ಲ. ಜೈಲಿನಿಂದ ಕೊಟ್ಟ ಕಂಬಳಿ ಅರ್ಧ ಹರಿದದ್ದು. ಸ್ವಲ್ಪ ಹೊತ್ತಿಗೆ ಗೂಳಿಯಂಥ ಕುತ್ತಿಗೆಯ ಒಬ್ಬ ಆಳು ಬಂದ. ಎಲ್ಲರೂ ಅವನನ್ನು ಗೂಳಿ ಅಂತಲೇ ಕರೆಯುತ್ತಿದ್ದರು. "ಮಾವ ಕರೀತಾರೆ ಬಾ" ಅಂದ.

ಬ್ಯಾರಕ್ಕಿನ ಆ ತುದಿಯ ಮೂಲೆಯಲ್ಲಿ, ಕಿಟಕಿಯ ಗಾಳಿ ಬರುವ ಕಡೆ, ಅರವತ್ತರ ಆಸುಪಾಸಿನ ಮನುಷ್ಯ ದಿಂಬಿಗೆ ಒರಗಿ ಕೂತಿದ್ದ. ಯಾರಿಗೂ ಸೋದರಮಾವನಲ್ಲದಿದ್ದರೂ ಎಲ್ಲರಿಗೂ ಅವನು ಮಾವ. ಕೊಲೆಯ ಕೇಸು, ಸುಲಿಗೆಯ ಕೇಸು, ಹೊರಗೆ ಆಳುಗಳು, ಒಳಗೆ ಆಳುಗಳು. ಅವನ ಕಡೆಯವರಿಗೆ "ಮೂಲೆಯವರು" ಅಂತ ಹೆಸರು.

"ಏನು ಕೆಲಸ ನಿಂದು?" ಅಂದ ಮಾವ.

"ನಲ್ಲಿ ಕೆಲಸ."

ಮಾವನ ಕಣ್ಣು ಒಂದು ಕ್ಷಣ ಕಿರಿದಾಯಿತು. ಆಮೇಲೆ ನಕ್ಕು, "ಕಂಬಳಿ ಕೊಡ್ರೋ ಇವನಿಗೆ. ಮಗ್ಗು ಕೊಡಿ. ಕಂಬದ ಹತ್ರ ಜಾಗ ಮಾಡಿ" ಅಂದ.

ದಪ್ಪನೆಯ ಕಂಬಳಿ ಬಂತು, ಮಗ್ಗು ಬಂತು, ಅಂಗೈಯಗಲ ಸೋಪು ಬಂತು. ಸರಕಾರ ಕೊಡದೇ ಇದ್ದದ್ದನ್ನು ಕೊಲೆಗಾರ ಕೊಟ್ಟಿದ್ದ. ಮೇಸ್ತ್ರಿ ಕಂಬಳಿಯನ್ನು ಎದೆಗವಚಿಕೊಂಡ. ಇವರನ್ನೇನಾ ರಾಕ್ಷಸರು ಅಂದದ್ದು ಅಂತ ಹೆಂಡತಿಯ ಮೇಲೆ ಸಣ್ಣ ಕೋಪವೂ ಬಂತು.

ಆದರೆ ವಾರ ಕಳೆಯುವುದರೊಳಗೆ ಲೆಕ್ಕಾಚಾರ ತಿಳಿಯಿತು. ಬ್ಯಾರಕ್ಕಿಗೆ ಇದ್ದದ್ದು ಒಂದೇ ನಲ್ಲಿ. ಬೆಳಿಗ್ಗೆ ಒಂದು ಗಂಟೆ, ಬೆರಳು ಗಾತ್ರದ ಧಾರೆ. ಅದರ ಮುಂದೆ ಗೂಳಿ ನಿಲ್ಲುತ್ತಿದ್ದ. ಮೂಲೆಯವರಿಗೆ ಮೊದಲ ಬಕೆಟ್ಟುಗಳು. ಆಮೇಲೆ ಮೂಲೆಯವರ ಬಟ್ಟೆ ಒಗೆಯುವವರಿಗೆ, ಕಾಲೊತ್ತುವವರಿಗೆ, ಸುದ್ದಿ ಸಾಗಿಸುವವರಿಗೆ. ಕೊನೆಗೆ ಉಳಿದವರಿಗೆ ಉಳಿದರೆ ಉಂಟು. ಮೇಸ್ತ್ರಿಯ ಪಕ್ಕದ ಚಾಪೆಯ ಅಜ್ಜ ಮೈತುಂಬ ಕಜ್ಜಿ ಎದ್ದು ಕೆರೆದುಕೊಂಡು ಕೆರೆದುಕೊಂಡು ರಕ್ತ ಬರಿಸಿಕೊಳ್ಳುತ್ತಿದ್ದ. ಅರ್ಧ ಬಕೆಟ್ಟು ನೀರಿಗಾಗಿ ಬೆಳಗಿನ ತಿಂಡಿ ಬಿಟ್ಟುಕೊಡುತ್ತಿದ್ದ.

ಇದನ್ನೆಲ್ಲ ಬಿಡಿಸಿ ಹೇಳಿದವನು ಮೇಷ್ಟ್ರು. ಹದಿನೇಳು ವರ್ಷದಿಂದ ಒಳಗಿದ್ದ ಜೀವಾವಧಿ ಕೈದಿ. ಅವನು ಶಾಲೆಯ ಮೆಟ್ಟಿಲು ಹತ್ತಿದ್ದು ಏಳನೇ ತರಗತಿವರೆಗೆ ಮಾತ್ರ. ಆದರೂ ಎಲ್ಲರ ಕಾಗದ ಓದಿ ಬರೆದು ಕೊಡುತ್ತಿದ್ದುದರಿಂದ ಆ ಹೆಸರು ಬಂದಿತ್ತು.

"ಇಲ್ಲಿ ಚಾಕುಗೆ ಆಸೆಪಟ್ಟು ಮೂಲೆ ಸೇರಿದವನು ಒಬ್ಬನೂ ಇಲ್ಲ ಕಣಯ್ಯ" ಅಂದ ಮೇಷ್ಟ್ರು. "ನೀರಿಗೆ ಸೇರಿದಾರೆ, ಬೀಡಿಗೆ ಸೇರಿದಾರೆ, ಮನೆಗೆ ಒಂದು ಫೋನ್ ಮಾಡೋಕೆ ಸೇರಿದಾರೆ. ಸೇರಿದ ಮೇಲೆ ಚಾಕು ಕೈಗೆ ಬರುತ್ತೆ."

"ಸಾಹೇಬರು ಸುಮ್ಮನಿರ್ತಾರಾ ಮೇಷ್ಟ್ರೇ?"

"ಅವರಿಗೆ ಅನುಕೂಲ ಅಲ್ವೇನಯ್ಯ? ತೊಂಬತ್ತು ಜನಾನ ಇಬ್ಬರು ವಾರ್ಡರು ಎಲ್ಲಿ ನೋಡ್ಕೋತಾರೆ? ಮಾವ ನೋಡ್ಕೋತಾನೆ. ಗಲಾಟೆ ಇಲ್ಲ ಅಂತ ರಿಪೋರ್ಟ್ ಹೋಗುತ್ತೆ."

ಮೇಸ್ತ್ರಿ ಕಂಬಳಿಯನ್ನು ವಾಪಸು ಕೊಡುವ ಧೈರ್ಯ ಮಾಡಲಿಲ್ಲ. ಮಾವನ ಬಟ್ಟೆ ಒಗೆದ. ನೀರು ಸಿಕ್ಕಿತು. ಅಜ್ಜನಿಗೆ ತನ್ನ ನೀರಿನಲ್ಲಿ ಎರಡು ಮಗ್ಗು ಕೊಟ್ಟರೆ ಗೂಳಿ ದುರುಗುಟ್ಟಿಕೊಂಡು ನೋಡುತ್ತಿದ್ದ. ಹೀಗೆ ಐದು ತಿಂಗಳು ಹೋಯಿತು.

ಅಷ್ಟರಲ್ಲಿ ಜೈಲಿಗೆ ಹೊಸ ಸೂಪರಿಂಟೆಂಡೆಂಟ್ ಬಂದರು. ಹೆಂಗಸು, ಗಟ್ಟಿ ದನಿ, ನಡಿಗೆ ಓಟದಂತೆ. ಡಾಕ್ಟರು ಅವರಿಗೆ, ಈ ಬ್ಯಾರಕ್ಕಿನಲ್ಲಿ ಮೂವತ್ತು ಜನಕ್ಕೆ ಕಜ್ಜಿಯಿದೆ, ಇವರು ಸ್ನಾನ ಮಾಡದೆ ನನ್ನ ಮುಲಾಮು ಏನು ಮಾಡೀತು ಅಂತ ಬರೆದುಕೊಟ್ಟರಂತೆ. ಮೇಡಂ ನೇರ ಬ್ಯಾರಕ್ಕಿಗೇ ಬಂದು, "ನೀರು ಯಾಕೆ ಬರ್ತಿಲ್ಲ? ಇಲ್ಲಿ ಕೊಳಾಯಿ ಕೆಲಸ ಗೊತ್ತಿರೋರು ಯಾರಿದೀರಿ?" ಅಂತ ಕೇಳಿದರು.

ಮೂಲೆಯಿಂದ ಯಾರೋ ಕೆಮ್ಮಿದರು. ಮೇಸ್ತ್ರಿಯ ಕೈ ತಾನಾಗಿಯೇ ಮೇಲೆದ್ದಿತು. ಇಪ್ಪತ್ತು ವರ್ಷದ ಅಭ್ಯಾಸ. ನಲ್ಲಿ ಅಂದ ಕೂಡಲೇ ಏಳುವ ಕೈ.

ಮಾರನೇ ದಿನ ಒಬ್ಬ ವಾರ್ಡರನ ಜೊತೆ ಅವನನ್ನು ಲೈನು ನೋಡಲು ಕಳಿಸಿದರು. ಕೈಯಲ್ಲಿ ಪೈಪ್ ರೆಂಚು ಹಿಡಿದಾಗ ಎಷ್ಟೋ ದಿನದ ಮೇಲೆ ತನ್ನ ಮೈ ತನಗೆ ವಾಪಸು ಸಿಕ್ಕಿದ ಹಾಗಾಯಿತು. ಮೊದಲು ಟ್ಯಾಂಕು ಹತ್ತಿದ. ತುಂಬಿ ಆ ಕಡೆ ಹರಿದುಹೋಗುತ್ತಿತ್ತು. ನೀರಿಗೆ ಬರವಿಲ್ಲ. ಪೈಪಿನ ಜಾಡು ಹಿಡಿದು ಹಿಂದಿನ ಗೋಡೆಗುಂಟ ಬಂದ. ಒಂದು ಕಡೆ ಕಲ್ಲುಚಪ್ಪಡಿ ಮುಚ್ಚಿದ ಗುಂಡಿ. ಚಪ್ಪಡಿ ಸರಿಸಿದರೆ ಒಳಗೆ ನೀರು ಬಿಡುವ ನಿಲ್ಲಿಸುವ ಗೇಟ್ ವಾಲ್ವು. ತಿರುಗಿಸುವ ಚಕ್ರ ಇಲ್ಲ, ಯಾರೋ ಕಳಚಿದ್ದಾರೆ. ಬರಿಯ ದಂಡದ ಮೇಲೆ ಕಟಿಂಗ್ ಪ್ಲೇಯರಿನ ಹಲ್ಲಿನ ಗುರುತು. ಹಳೆಯ ಗುರುತಿನ ಮೇಲೆ ಹೊಳೆಯುವ ಹೊಸ ಗುರುತು. ವಾಲ್ವು ಮುಕ್ಕಾಲು ಮುಚ್ಚಿತ್ತು.

ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತವನು ಹಾಗೆಯೇ ಕೂತುಬಿಟ್ಟ. ಬರವನ್ನು ಕೈಯಾರೆ ಮಾಡಿದ್ದರು. ಬೆರಳು ಗಾತ್ರದ ಆ ಧಾರೆಯ ಮೇಲೆ ಇಡೀ ಮೂಲೆ ನಿಂತಿತ್ತು. ತಲೆಯೆತ್ತಿದರೆ ವಾರ್ಡರನು ಆಕಾಶ ನೋಡುತ್ತಿದ್ದ.

"ಕಂಡದ್ದನ್ನೆಲ್ಲ ಹೇಳೋಕೆ ಹೋಗ್ಬೇಡ ಮೇಸ್ತ್ರಿ" ಅಂದ ಆಕಾಶಕ್ಕೇ ಹೇಳಿದ ಹಾಗೆ. "ನೀನು ಒಳಗೆ ಮಲಗೋನು. ನಾನು ಮನೆಗೆ ಹೋಗೋನು."

ಮೇಡಂ ಕೇಳಿದಾಗ ಮೇಸ್ತ್ರಿ, "ಇನ್ನೂ ಸ್ವಲ್ಪ ನೋಡ್ಬೇಕು ಮೇಡಂ, ನಾಳೆ ಹೇಳ್ತೀನಿ" ಅಂದ. ಮಧ್ಯಾಹ್ನ ಮಾವ ಕರೆಸಿದ. ಪಕ್ಕದಲ್ಲಿ ಕೂರಿಸಿಕೊಂಡ, ಬಿಸ್ಕತ್ತು ಕೊಟ್ಟ.

"ಗುಂಡಿ ನೋಡಿದೆಯಂತೆ."

"ನೋಡ್ದೆ ಮಾವ."

"ಪೈಪೆಲ್ಲ ಹಳೇದಾಗಿದೆ, ಏನೂ ಮಾಡೋಕಾಗಲ್ಲ ಅಂತ ಹೇಳ್ಬಿಡು. ಮುಗೀತು. ನಿನಗೆ ದಿನಾ ಎರಡು ಬಕೆಟ್ಟು. ಆ ಕಜ್ಜಿ ಮುದುಕನಿಗೂ ಒಂದು ಕೊಡೋಣ, ನಿನ್ನ ಮುಖ ನೋಡಿ." ಮಾವ ಮೇಸ್ತ್ರಿಯ ಬಲಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ನೀವಿದ. "ಕೈಕೆಲಸದವನು ನೀನು. ಹೊರಗೆ ಹೋಗಿ ಈ ಕೈಯಲ್ಲೇ ಅಲ್ವಾ ಉಣ್ಬೇಕಾದ್ದು?"

ಮೇಸ್ತ್ರಿ ಕೈ ಬಿಡಿಸಿಕೊಂಡು ಎದ್ದ. ಚಾಪೆಗೆ ಬಂದು ಬಿದ್ದುಕೊಂಡ. ಸುಮ್ಮನಿದ್ದುಬಿಡುವುದು ಎಷ್ಟು ಸುಲಭ! ಆಮೇಲೆ ನೋಡೋಣ ಅಂದರಾಯಿತು. ಆ ಮಾತು ಮನಸ್ಸಿಗೆ ಬಂದದ್ದೇ ಬಂದದ್ದು, ಅವನು ಎದ್ದು ಕೂತ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಒಂದು ಸಲ ಸಾಮಾನಿನ ಚೀಲ ಎತ್ತಿಕೊಂಡು ಬಂದದ್ದಕ್ಕೆ ಒಂದು ಜೀವ ಹೋಗಿತ್ತು. ಆ ಹೆಣ್ಣುಮಗಳ ಮುಖವನ್ನು ಅವನು ನೋಡಿದ್ದು ಫೋಟೋದಲ್ಲಿ, ನ್ಯಾಯಾಲಯದಲ್ಲಿ ಅವಳ ಅಪ್ಪನ ಕೈಯಲ್ಲಿ.

ಮೇಷ್ಟ್ರ ಹತ್ತಿರ ಹೋಗಿ ಎಲ್ಲ ಹೇಳಿದ. ಮೇಷ್ಟ್ರು ಬಹಳ ಹೊತ್ತು ಗಡ್ಡ ಕೆರೆದುಕೊಂಡ. "ಯಾರ ಹೆಸರೂ ಹೇಳ್ಬೇಡ" ಅಂದ ಕೊನೆಗೆ. "ಹೆಸರು ಹೇಳಿದರೆ ನೀನು ಚಾಡಿಕೋರ. ಚಾಡಿಕೋರನ ಕಡೆ ಯಾರೂ ನಿಲ್ಲೋದಿಲ್ಲ. ನೀನು ನಲ್ಲಿ ವಿಚಾರ ಮಾತಾಡು. ಎಲ್ಲರ ಎದುರಿಗೇ ಮಾತಾಡು."

ಮಾರನೇ ಬೆಳಿಗ್ಗೆ ಮೇಡಂ ಹಾಜರಿ ತೆಗೆದುಕೊಳ್ಳುವಾಗ, ತೊಂಬತ್ತು ಜನ ಸಾಲಾಗಿ ನಿಂತಿದ್ದಾಗ, ಮೇಸ್ತ್ರಿ ಮುಂದೆ ಬಂದ. "ಮೇಡಂ, ಟ್ಯಾಂಕಲ್ಲಿ ಬೇಕಾದಷ್ಟು ನೀರಿದೆ. ಹಿಂದಿನ ವಾಲ್ವು ತುಕ್ಕು ಹಿಡಿದು ಕೂತಿದೆ. ಅದನ್ನ ತೆಗೆದು ಹೊಸದು ಹಾಕ್ಬೇಕು. ಗುಂಡಿಗೆ ಕಬ್ಬಿಣದ ಮುಚ್ಚಳ ಮಾಡಿ ಬೀಗ ಹಾಕಿ ಕೀಲಿಕೈ ಆಫೀಸಲ್ಲಿಟ್ರೆ ಒಳ್ಳೇದು, ಕಸ ಬೀಳಲ್ಲ. ಒಂದು ನಲ್ಲಿ ಇರೋ ಕಡೆ ಆರು ಹಾಕ್ಬಹುದು. ಎಲ್ಲರಿಗೂ ಸ್ನಾನಕ್ಕಾಗುತ್ತೆ."

ಸಾಲಿನಲ್ಲಿ ಒಂದು ಗುಜುಗುಜು ಎದ್ದು ಅಡಗಿತು. ಮೇಡಂ ಅವನನ್ನೇ ನೋಡಿದರು. ತುಕ್ಕು ಎಂಥದ್ದು ಅಂತ ಅವರಿಗೆ ಅರ್ಥವಾಗಿತ್ತೋ ಏನೋ. "ಎಷ್ಟು ದಿನ ಬೇಕು?" ಅಂದರು.

"ಸಾಮಾನು ಕೊಟ್ರೆ ನಾಲ್ಕು ದಿನ."

ನಾಲ್ಕು ದಿನವೂ ಅವನು ಉಸಿರು ಬಿಗಿಹಿಡಿದುಕೊಂಡೇ ಕೆಲಸ ಮಾಡಿದ. ಪೈಪು ಕತ್ತರಿಸಿ, ತುದಿಗೆ ಥ್ರೆಡ್ಡು ಹಾಕಿ, ಸೆಣಬು ಸುತ್ತಿ, ಒಂದೊಂದು ಜಾಯಿಂಟನ್ನೂ ಎರಡೆರಡು ಸಲ ಬಿಗಿದ. ಐದನೇ ದಿನ ಬೆಳಿಗ್ಗೆ ಆರು ನಲ್ಲಿಗಳಲ್ಲಿ ಒಟ್ಟಿಗೆ ನೀರು ಬಂತು. ಅದರ ಸದ್ದು ಕೇಳಿ ಗಂಡಸರು ಮಕ್ಕಳ ಹಾಗೆ ಕೂಗಿಕೊಂಡರು. ಕಜ್ಜಿಯ ಅಜ್ಜ ಬಟ್ಟೆ ಸಮೇತ ನಲ್ಲಿಯ ಕೆಳಗೆ ಕೂತ, ಎಬ್ಬಿಸಿದರೂ ಏಳಲಿಲ್ಲ.

ಎಂಟನೇ ದಿನ ಬೆಳಿಗ್ಗೆ ಬಚ್ಚಲ ಶೆಡ್ಡಿನಲ್ಲಿ ಮೇಸ್ತ್ರಿ ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ. ಕಣ್ಣಿನ ಮೇಲಿನ ನೊರೆಯಷ್ಟೇ ಒರೆಸಿಕೊಂಡು ನೋಡಿದರೆ ಎದುರಿಗೆ ಗೂಳಿ. ಪಕ್ಕದಲ್ಲಿ ಇನ್ನಿಬ್ಬರು. ಗೂಳಿಯ ಕೈಯಲ್ಲಿ ಕಳಚಿದ ಕಿಟಕಿ ಸರಳು.

"ಕೈ ಕೊಡು ಮೇಸ್ತ್ರಿ" ಅಂದ ಗೂಳಿ.

ಮೇಸ್ತ್ರಿ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಅಂಟಿದ. ಆಗ ಸದ್ದಿಲ್ಲದೆ ಅಜ್ಜ ಬಂದು ಅವನ ಪಕ್ಕ ನಿಂತ. ಕೈಯಲ್ಲಿ ತುಂಬಿದ ಬಕೆಟ್ಟು. ಆಮೇಲೆ ಮೇಷ್ಟ್ರು ಬಂದ. ಆಮೇಲೆ ಇನ್ನೊಬ್ಬ, ಮತ್ತೊಬ್ಬ. ಯಾರೂ ಕೈಯೆತ್ತಲಿಲ್ಲ. ತುಂಬಿದ ಬಕೆಟ್ಟು ಹಿಡಿದುಕೊಂಡು ನಲವತ್ತು ಐವತ್ತು ಜನ ಶೆಡ್ಡು ತುಂಬ ನಿಂತರು. ಅವರಲ್ಲಿ ಮಾವನ ಬಟ್ಟೆ ಒಗೆಯುತ್ತಿದ್ದವರೂ ಇದ್ದರು.

ಕೊನೆಗೆ ಮೇಷ್ಟ್ರು, ದಿನಾ ಹೇಳುವ ಮಾತಿನ ಹಾಗೆ, "ಗೂಳಿ, ಮೂರನೇ ನಲ್ಲಿ ಖಾಲಿ ಇದೆ. ನಿನ್ನ ಬಕೆಟ್ಟು ಇಡಯ್ಯ, ಸರದಿ ಹೋಗುತ್ತೆ" ಅಂದ.

ಯಾರೋ ಕಿಸಕ್ಕೆಂದು ನಕ್ಕರು. ಗೂಳಿ ಸುತ್ತ ನೋಡಿದ. ಸರಳನ್ನು ಕೆಳಗೆ ಹಾಕಿ ತಿರುಗಿ ನಡೆದ. ಅಜ್ಜ ಅವನ ಮುಖದ ಮೇಲಿನ ಸೋಪಿಗೆ ಒಂದು ಮಗ್ಗು ನೀರು ಎರಚಿ, "ಕಣ್ಣಿಗೆ ಹೋಗುತ್ತೆ, ತೊಳ್ಕೋ" ಅಂದ.

ಅದಾದ ಮೇಲೆ ಮೂಲೆ ಒಂದೇ ದಿನಕ್ಕೆ ಕುಸಿದು ಬೀಳಲಿಲ್ಲ. ಬೀಡಿ ಅವರ ಕೈಯಲ್ಲೇ ಇತ್ತು, ಕದ್ದ ಫೋನೂ ಇತ್ತು, ವಕೀಲರನ್ನು ಹಿಡಿಸಿಕೊಡುವ ದಾರಿಯೂ ಅವರದ್ದೇ. ಆದರೆ ನೀರಿಗಾಗಿ ಸೇರಿದವರು ಒಬ್ಬೊಬ್ಬರಾಗಿ ತಮ್ಮ ಚಾಪೆ ಈಚೆಗೆ ಎಳೆದುಕೊಂಡರು. ಮಾವ ಇಲ್ಲದಿದ್ದರೆ ದಿನಾ ಹೊಡೆದಾಟ ಅನ್ನುತ್ತಿದ್ದ ವಾರ್ಡರು ಕಾದೇ ಕಾದರು. ಆರು ನಲ್ಲಿಗಳ ಮುಂದೆ ಹೊಡೆದಾಡಲು ಯಾರಿಗೂ ಕಾರಣ ಸಿಗಲಿಲ್ಲ. ಮಾವ ಕೂಡ ಒಂದು ದಿನ ಟವೆಲು ಹೆಗಲಿಗೆ ಹಾಕಿಕೊಂಡು ಸಾಲಿನಲ್ಲಿ ಬಂದು ನಿಂತ. ಮೇಸ್ತ್ರಿಯ ಕಡೆ ನೋಡದೆಯೇ, "ಧಾರೆ ಜೋರಾಗಿದೆ" ಅಂದ. ಅದು ಹೊಗಳಿಕೆಯೋ ಬೈಗುಳವೋ ಮೇಸ್ತ್ರಿಗೆ ಇವತ್ತಿಗೂ ತಿಳಿದಿಲ್ಲ. ಆ ಮಾವನ ಮೇಲೂ ಅವನಿಗೆ ಪೂರಾ ದ್ವೇಷ ಹುಟ್ಟಲಿಲ್ಲ. ಚಳಿಯಲ್ಲಿ ನಡುಗುತ್ತಿದ್ದವನಿಗೆ ಮೊದಲ ದಿನ ಕಂಬಳಿ ಹೊದಿಸಿದ್ದು ಅವನೇ ತಾನೆ? ಯಾವ ಉದ್ದೇಶಕ್ಕೆ ಹೊದಿಸಿದರೂ ಬೆಚ್ಚಗಾದದ್ದು ಸುಳ್ಳಲ್ಲ ಅಂತ ಭೇಟಿಗೆ ಬಂದ ಹೆಂಡತಿಗೆ ಹೇಳಿ ಬೈಸಿಕೊಂಡ.

ಒಳ್ಳೆಯ ನಡತೆಗೆ ಶಿಕ್ಷೆ ಕಡಿಮೆಯಾಗಿ ಎರಡು ವರ್ಷ ನಾಲ್ಕು ತಿಂಗಳಿಗೆ ಬಿಡುಗಡೆಯಾಯಿತು. ಹೊರಡುವ ದಿನ ಒಬ್ಬೊಬ್ಬರ ಕೈ ಹಿಡಿದು ಬಂದ. ಆ ಐವತ್ತು ಜನರಲ್ಲಿ ಕಳ್ಳರಿದ್ದರು, ಕುಡಿದು ತಲೆ ಒಡೆದವರಿದ್ದರು. ಯಾರೂ ಅವನಿಗೆ ನೆಂಟರಲ್ಲ. ಹೊರಗಿದ್ದಾಗ ಅವನು ಅವರನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದ. ತನ್ನ ಹತ್ತು ಬೆರಳು ಇವತ್ತು ನೆಟ್ಟಗಿರುವುದು ಅವರಿಂದ. ಅಜ್ಜ ಅಳುತ್ತಾ, ಮೈ ತೋರಿಸುತ್ತಾ, "ಒಂದೂ ಕಲೆಯಿಲ್ಲ ನೋಡು" ಅನ್ನುತ್ತಲೇ ಇದ್ದ.

ಹೊರಗೆ ಬಂದ ಮೊದಲ ವಾರವೇ ನರ್ಸಮ್ಮನ ಅಪ್ಪನ ಮನೆಗೆ ಹೋಗಿ ಬಾಗಿಲಲ್ಲಿ ನಿಂತ. ಆ ಹಿರಿಯರು ಒಳಗೆ ಕರೆಯಲಿಲ್ಲ, ಬಯ್ಯಲೂ ಇಲ್ಲ. "ಇನ್ಮೇಲೆ ಸರಿಯಾಗಿ ಕೆಲಸ ಮಾಡಪ್ಪ" ಅಂದು ಬಾಗಿಲು ಹಾಕಿಕೊಂಡರು. ಅಪ್ಪ ಅಂದರಲ್ಲ, ಅಷ್ಟಕ್ಕೇ ಅವನು ದಾರಿಯುದ್ದಕ್ಕೂ ಅತ್ತ. ಕೆಲಸ ಕೊಡುವವರು ಮೊದಮೊದಲು ಹಿಂಜರಿದರು. ಆಮೇಲೆ ಒಂದೊಂದೇ ಮನೆ ತೆರೆಯಿತು. ಈಗ ಯಾರಾದರೂ ಕೊರೀಬೇಡಿ ಅಂದರೆ ಅವನು ಕೆಲಸವನ್ನೇ ಬಿಟ್ಟು ಬರುತ್ತಾನೆ.

ಬಿಡುಗಡೆಯಾದ ಒಂದೂವರೆ ವರ್ಷಕ್ಕೆ, ಒಂದು ಸಂಜೆ, ಮನೆ ಬಾಗಿಲು ತಟ್ಟಿದ ಸದ್ದಾಯಿತು. ಹೆಂಡತಿ ತೆಗೆದರೆ ಬಾಗಿಲಗಲದ ಮನುಷ್ಯ. ಗೂಳಿ. ಮೇಸ್ತ್ರಿಯ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಗೂಳಿ ಮಾತ್ರ ಚಪ್ಪಲಿ ಬಿಟ್ಟು ಹೊರಗೇ ಕೈಕಟ್ಟಿ ನಿಂತಿದ್ದ.

"ನಾನೂ ಬಿಡುಗಡೆಯಾದೆ ಮೇಸ್ತ್ರಿ. ಮಾವನ ಆಳುಗಳು ಮೂರು ಸಲ ಮನೆ ಹತ್ರ ಬಂದು ಕರೆದ್ರು. ಹೋಗಲ್ಲ ಅಂದೆ. ಬೇರೆ ಕೆಲಸ ಗೊತ್ತಿಲ್ಲ. ನಿನ್ನ ಹತ್ರ ಏನಾದ್ರೂ..."

"ಇವರ ಕೈ ಮುರಿಯೋಕೆ ಬಂದೋನು ನೀನೇ ಅಲ್ವಾ?" ಅಂದಳು ಹೆಂಡತಿ.

"ಹೂಂ ಅಕ್ಕ." ಗೂಳಿ ತಲೆ ತಗ್ಗಿಸಿದ. "ಅವತ್ತು ಸರಳು ಹಿಡ್ಕೊಂಡು ಬರೋವಾಗ, ಏನಾದ್ರೂ ಆಗಿ ಇದು ತಪ್ಪಲಿ ಅಂತ ಅಂದ್ಕೊಂಡೇ ಬಂದಿದ್ದೆ. ನಾನು ಒಬ್ಬನೇ ಬಿಟ್ಟು ಬಂದಿದ್ರೆ ಮಾವ ನನ್ನ ಕೈ ಮುರೀತಿದ್ದ. ಅಷ್ಟೂ ಜನ ಅಡ್ಡ ನಿಂತಿದ್ದಕ್ಕೆ, ಏನ್ ಮಾಡ್ಲಿ ಮಾವ, ಐವತ್ತು ಜನ ಇದ್ರು ಅಂತ ಹೇಳೋಕಾಯ್ತು. ಅವರು ಮೇಸ್ತ್ರೀನ ಉಳಿಸಿದ್ರು ಅಂತ ಎಲ್ಲರೂ ಅಂತಾರೆ. ಉಳಿದಿದ್ದು ನಾನೂ ಕೂಡ ಅಕ್ಕ."

ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಹೆಂಡತಿಯ ಮುಖ ನೋಡಿದ. ಕೊನೆಗೆ ಅವಳು, "ನಿಂತ್ಕೊಂಡೇ ಮಾತಾಡ್ತೀಯೇನಪ್ಪ? ಒಳಗೆ ಬಾ. ತಲೆ ಬಗ್ಗಿಸ್ಕೊಂಡು ಬಾ, ಬಾಗಿಲು ಗಿಡ್ಡ" ಅಂದು ಟೀ ಮಾಡಲು ಹೋದಳು.

ಗೂಳಿ ಈಗ ಮೇಸ್ತ್ರಿಯ ಜೊತೆಯಾಳು. ನಾಲ್ಕು ಜನ ಹೊರುವ ಪೈಪುಗಳನ್ನು ಒಬ್ಬನೇ ಮಹಡಿಗೆ ಏರಿಸುತ್ತಾನೆ. ಸಣ್ಣ ವಾಷರು ಹಾಕುವಾಗ ಮಾತ್ರ ಆ ದಪ್ಪ ಬೆರಳುಗಳು ತಡಕಾಡಿ, ಅವನ ಬಾಯಲ್ಲಿ ಬರುವ ಬೈಗುಳ ಕೇಳಿ ಮನೆಯವರು ಬೆಚ್ಚುತ್ತಾರೆ. ಮೇಸ್ತ್ರಿಯ ಹೆಂಡತಿ ಅವನಿಗೆ ಹೆಣ್ಣು ಹುಡುಕುತ್ತಿದ್ದಾಳೆ.

ಮೇಡಂ ಕೇಳಿಕೊಂಡದ್ದರಿಂದ ಮೇಸ್ತ್ರಿ ವಾರಕ್ಕೊಂದು ದಿನ ಜೈಲಿಗೆ ಹೋಗಿ ಕೈದಿಗಳಿಗೆ ಕೊಳಾಯಿ ಕೆಲಸ ಕಲಿಸುತ್ತಾನೆ. ಮೊದಲ ದಿನ ಹತ್ತು ಜನರಿದ್ದರು, ಈಗ ಇಪ್ಪತ್ತಾರು. ಮೂಲೆಯವರ ಕಡೆಯ ಇಬ್ಬರು ಕೂಡ ಅವರಲ್ಲಿದ್ದಾರೆ. ಎಲ್ಲರಿಗಿಂತ ಮುಂದೆ ಕೂರುವವನು ಮೇಷ್ಟ್ರು. ಎಪ್ಪತ್ತರ ಹತ್ತಿರ ಬಂದಿದೆ, ಬಿಡುಗಡೆಯ ಸುದ್ದಿಯಿಲ್ಲ. ಆದರೂ ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡು ಎಲ್ಲವನ್ನೂ ಬರೆದುಕೊಳ್ಳುತ್ತಾನೆ. ಹೋದ ವಾರ ಅವನು ಮೊದಲ ಸಲ ತಾನೇ ಪೈಪಿಗೆ ಥ್ರೆಡ್ಡು ಕೊರೆದು ಬಾಗಿದ ಎಲ್ಬೋ ಜಾಯಿಂಟು ಕೂರಿಸಿದ. ನೀರು ಬಿಟ್ಟರು. ಎಲ್ಲರೂ ಬಗ್ಗಿ ನೋಡಿದರು. ಒಂದು ಹನಿಯೂ ಒಸರಲಿಲ್ಲ.

"ಹೇಗಿದೆ ಮೇಸ್ತ್ರಿ?" ಅಂದ ಮೇಷ್ಟ್ರು, ಮೀಸೆ ತಿರುವುತ್ತಾ.

"ನನಗಿಂತ ಚೆನ್ನಾಗಿ ಬಿಗಿದಿದೀರಿ ಮೇಷ್ಟ್ರೇ" ಅಂದ ಮೇಸ್ತ್ರಿ. ಅದು ಮುಖಸ್ತುತಿಗೆ ಹೇಳಿದ್ದಲ್ಲ, ನಿಜವೇ ಆಗಿತ್ತು.